ಬಿಳಿ ಹೊಗೆ, ಒದ್ದೆ ಪ್ಲಗ್: ಬೋರ್ ಬಿಚ್ಚುವ ಮೊದಲು ಗೇರ್ ಆಯಿಲ್ ಅಳೆಯಿರಿ

ಪ್ರಶ್ನೆ: ನನ್ನ ಹತ್ತಿರ 150 ಸಿಸಿಯ ಹಳೆಯ ಟೂ-ಸ್ಟ್ರೋಕ್ ಗೇರ್ ಸ್ಕೂಟರ್ ಇದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಮಾದರಿ. ಎರಡು ವರ್ಷ ನಿಂತೇ ಇದ್ದದ್ದನ್ನು ಆರು ತಿಂಗಳ ಹಿಂದೆ ಮತ್ತೆ ಓಡಿಸಲು ಶುರು ಮಾಡಿದೆ. ಈಗ ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಬಿಳಿ ಹೊಗೆ. ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ. ಅರ್ಧ ಆಕ್ಸಿಲೇಟರ್ ಕೊಟ್ಟರೆ, ಅದರಲ್ಲೂ ಏರಿನಲ್ಲಿ, ಡಬ್ ಡಬ್ ಎಂದು ಮಿಸ್ ಹೊಡೆಯುತ್ತದೆ. ಹೊಸ ಸ್ಪಾರ್ಕ್ ಪ್ಲಗ್ ಹಾಕಿದರೆ ಎರಡು ಮೂರು ದಿನ ಸರಿಯಿರುತ್ತದೆ, ಆಮೇಲೆ ಮತ್ತದೇ ಕತೆ. ಬಿಚ್ಚಿದರೆ ಪ್ಲಗ್ ಕಪ್ಪಗೆ, ಒದ್ದೆಯಾಗಿರುತ್ತದೆ. ಎಂಜಿನ್ ಸೀಜ್ ಆದೀತೆಂದು (ಪಿಸ್ಟನ್ ಕಚ್ಚಿಕೊಂಡೀತೆಂದು) ಹೆದರಿ ಲೀಟರಿಗೆ 20 ಮಿ.ಲೀ. ಹಾಕುತ್ತಿದ್ದ ಆಯಿಲನ್ನು 40ಕ್ಕೆ ಏರಿಸಿದ್ದೇನೆ. ಮೆಕ್ಯಾನಿಕ್ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ) ಪಿಸ್ಟನ್ ಬದಲಿಸಲೇಬೇಕು ಎನ್ನುತ್ತಾರೆ. ಮಾಡಿಸಲೇ? ಅಂದಹಾಗೆ, ಗೇರ್ ಆಯಿಲ್ ಕಡಿಮೆಯಾಗಿದೆ ಎಂದು ಈ ನಡುವೆ ಎರಡು ಸಲ ತುಂಬಿಸಿದ್ದಾರೆ. ಕೆಳಗೆಲ್ಲೂ ಸೋರಿದ ಗುರುತಿಲ್ಲ.

ಉತ್ತರ: ನೀವು ‘ಅಂದಹಾಗೆ’ ಎಂದು ಕೊನೆಯಲ್ಲಿ ಸೇರಿಸಿದ ಆ ಎರಡು ಸಾಲುಗಳನ್ನು ಪ್ರಶ್ನೆಯ ಮೊದಲಿಗೆ ಇಡಬೇಕಿತ್ತು. ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ. ಹಾಗಾದರೆ ಅದು ಹೋದದ್ದೆಲ್ಲಿಗೆ? ಸೈಲೆನ್ಸರಿನಿಂದ ಹೊಗೆಯಾಗಿ ಹೋಗಿದೆ ಎಂಬುದು ನನ್ನ ಬಲವಾದ ಅನುಮಾನ. ಬೋರ್ ಸದ್ಯಕ್ಕೆ ಮಾಡಿಸಬೇಡಿ.

ಹೊಗೆ ಎಂದ ಕೂಡಲೇ ‘ರಿಂಗ್ ಹೋಗಿದೆ, ಬೋರ್ ಮಾಡಿಸಿ’ ಎನ್ನುವುದು ಫೋರ್-ಸ್ಟ್ರೋಕ್ ಗಾಡಿಗಳಿಂದ ಬಂದ ಅಭ್ಯಾಸ. ಅಲ್ಲಿ ಪಿಸ್ಟನ್ನಿನ ಕೆಳಗೆ ಆಯಿಲ್ ತುಂಬಿರುತ್ತದೆ. ಪಿಸ್ಟನ್ ಸುತ್ತಲಿನ ಬಳೆಯಾದ ಈ ರಿಂಗ್ ಸವೆದರೆ ಆ ಆಯಿಲ್ ಮೇಲೇರಿ ಉರಿದು ಹೊಗೆಯಾಗುತ್ತದೆ. ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗೆ ಆಯಿಲ್ ಸಂಗ್ರಹವೇ ಇಲ್ಲ. ಅಲ್ಲಿರುವುದು ಕ್ರ್ಯಾಂಕ್ ಕೋಣೆ. ಅದು ಎಂಜಿನ್ನಿನ ಪಂಪು ಇದ್ದಂತೆ. ಪಿಸ್ಟನ್ ಮೇಲೆ ಹೋದಾಗ ಕಾರ್ಬ್ಯುರೇಟರಿನಿಂದ ಪೆಟ್ರೋಲ್, ಆಯಿಲ್, ಗಾಳಿಯ ಮಿಶ್ರಣವನ್ನು ಒಳಗೆಳೆಯುತ್ತದೆ, ಕೆಳಗಿಳಿದಾಗ ಅದನ್ನು ಒತ್ತಿ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ರಿಂಗ್ ಸವೆದರೆ ಶಕ್ತಿ ಕುಗ್ಗುತ್ತದೆ, ಕಿಕ್ ಹಗುರಾಗುತ್ತದೆ, ಏರಿನಲ್ಲಿ ಗಾಡಿ ಸುಸ್ತು ಹೊಡೆಯುತ್ತದೆ. ಆದರೆ ರಿಂಗ್ ಸವೆದದ್ದರಿಂದಲೇ ದಾರಿ ಮುಚ್ಚುವಷ್ಟು ಹೊಗೆ ಬರುವುದಿಲ್ಲ, ಯಾಕೆಂದರೆ ಮೇಲೇರಲು ಅಲ್ಲಿ ಆಯಿಲ್ ಬೇಕಲ್ಲ.

ಹಾಗಾಗಿ ಟೂ-ಸ್ಟ್ರೋಕ್ ಹೊಗೆ ಉಗುಳಿದರೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಇಷ್ಟು ಆಯಿಲ್ ಒಳಗೆ ಬರುತ್ತಿರುವುದು ಎಲ್ಲಿಂದ? ದಾರಿಗಳು ಮೂರೇ. ನಾವೇ ಟ್ಯಾಂಕಿಗೆ ಸುರಿದದ್ದು (ಪ್ರತ್ಯೇಕ ಆಯಿಲ್ ಪಂಪ್ ಇರುವ ಗಾಡಿಯಾದರೆ ಆ ಪಂಪ್ ಹೆಚ್ಚು ಬಿಡುತ್ತಿರುವುದು), ಗೇರ್ ಬಾಕ್ಸಿನಿಂದ ಕಳ್ಳದಾರಿಯಲ್ಲಿ ಬರುತ್ತಿರುವುದು, ಇಲ್ಲವೇ ಸೈಲೆನ್ಸರಿನೊಳಗೆ ಮೊದಲೇ ಕೂತಿದ್ದ ಹಳೆಯ ಆಯಿಲ್ ಬಿಸಿಗೆ ಆವಿಯಾಗುತ್ತಿರುವುದು. ನಿಮ್ಮ ಗಾಡಿಯಲ್ಲಿ ಮೂರೂ ಸೇರಿಕೊಂಡಂತಿದೆ. ಆದರೆ ಮುಖ್ಯ ಕಳ್ಳ ಎರಡನೆಯದು.

ಆ ಕಳ್ಳದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರ್ಯಾಂಕ್ ಶಾಫ್ಟಿನ ಎರಡು ಕಡೆಗೂ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಒಂದು ಕಡೆ ಮ್ಯಾಗ್ನೆಟ್ (ಕಿಡಿಗೆ ಕರೆಂಟ್ ಹುಟ್ಟಿಸುವ ಚಕ್ರ), ಇನ್ನೊಂದು ಕಡೆ ಕ್ಲಚ್. ಕ್ಲಚ್ ಕಡೆಯ ಸೀಲಿನ ಆಚೆ ಬದಿಯಲ್ಲೇ ಗೇರ್ ಆಯಿಲ್ ಇರುವುದು. ಎರಡು ವರ್ಷ ನಿಂತ ಗಾಡಿಯಲ್ಲಿ ಆ ಸೀಲಿನ ತುಟಿ ಒಣಗಿ ಗಡುಸಾಗುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆತಿದ್ದರೆ ಹಳೆಯ ಕಾಲದ ರಬ್ಬರಿಗೆ ಅದೂ ಒಂದು ಏಟು. ಗಡುಸಾದ ಸೀಲು ಶಾಫ್ಟನ್ನು ಅಪ್ಪಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೇರಿದಾಗಲೆಲ್ಲ ಕ್ರ್ಯಾಂಕ್ ಕೋಣೆಯಲ್ಲಿ ಎಳೆತ ಹುಟ್ಟುತ್ತದೆ, ಆ ಎಳೆತಕ್ಕೆ ಗೇರ್ ಆಯಿಲ್ ಗುಟುಕು ಗುಟುಕಾಗಿ ಒಳಗೆ ಬರುತ್ತದೆ. ಇದು ಉರಿಯಲೆಂದು ಮಾಡಿದ ಆಯಿಲ್ ಅಲ್ಲ. ಅರ್ಧಂಬರ್ಧ ಸುಟ್ಟು ಬಿಳಿಯಾಗಿ, ದಟ್ಟವಾಗಿ, ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುವ ಹೊಗೆ ಕೊಡುತ್ತದೆ. ವಾಸನೆಯೂ ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲಿನದ್ದಲ್ಲ. ಮೂಗಿಗೆ ಹೊಡೆಯುವ ಸೀದ ವಾಸನೆ. ತಣ್ಣನೆಯ ಬೆಳಗಿನಲ್ಲಿ ಕಾಣುವ ನೀರಾವಿಯೂ ಬಿಳಿಯೇ, ಆದರೆ ಅದು ಸೈಲೆನ್ಸರಿನಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾಯವಾಗುತ್ತದೆ, ಎಂಜಿನ್ ಕಾದ ಮೇಲೆ ನಿಂತೇಹೋಗುತ್ತದೆ. ಆಯಿಲಿನ ಹೊಗೆ ಮಾಯವಾಗುವುದಿಲ್ಲ, ಹಿಂದಿನವರ ಬಟ್ಟೆಗೂ ಅಂಟುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸ ಕಲಿಯುವ ದಿನಗಳಲ್ಲಿ ಇಂಥದ್ದೇ ಒಂದು ಗಾಡಿಗೆ ನಾನೇ ಮುಂದೆ ನಿಂತು ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ಹೆಮ್ಮೆಯಿಂದ ಕಿಕ್ ಹೊಡೆದೆ. ಮೊದಲಿಗಿಂತ ಹೆಚ್ಚು ಹೊಗೆ ಬಂತು. ಹೊಸ ಪಿಸ್ಟನ್ನಿನ ಬಿಗಿಗೆ ಎಳೆತ ಇನ್ನಷ್ಟು ಹೆಚ್ಚಾಗಿ, ಹಳೆಯ ಸೀಲಿನಿಂದ ಆಯಿಲನ್ನು ಇನ್ನೂ ಚೆನ್ನಾಗಿ ಹೀರುತ್ತಿತ್ತು ಎಂದು ಆಮೇಲೆ ಹೊಳೆಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಹೊಗೆ ಎಂದರೆ ಬೋರ್ ಎಂದು ನಂಬಿದ್ದಕ್ಕೆ ಸಿಕ್ಕ ಪಾಠ.

ಈಗ ನಿಮ್ಮ ಕೆಲಸ. ಮೊದಲು ಗೇರ್ ಆಯಿಲ್ ಅಳೆಯಿರಿ. ಬೇರೆಯವರು ಹೇಳಿದ ‘ಕಡಿಮೆ ಇತ್ತಂತೆ’ ಲೆಕ್ಕಕ್ಕೆ ಬರುವುದಿಲ್ಲ. ಹತ್ತು ನಿಮಿಷ ಓಡಿಸಿ ಎಂಜಿನ್ ಬೆಚ್ಚಗಾದ ಮೇಲೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ, ಗೆರೆ ಇರುವ ಅಳತೆ ಲೋಟಕ್ಕೆ ಪೂರ್ತಿ ಬಸಿಯಿರಿ. ಈ ಗಾತ್ರದ ಸ್ಕೂಟರುಗಳಿಗೆ ಸಾಮಾನ್ಯವಾಗಿ ಕಾಲು ಲೀಟರಿನ ಆಸುಪಾಸು ಆಯಿಲ್ ಹಿಡಿಸುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಳತೆಯನ್ನೇ ನಂಬಿ. ಹೊಸ ಆಯಿಲನ್ನು ಅಷ್ಟೇ ಅಳೆದು ಹಾಕಿ. 200 ಕಿಲೋಮೀಟರ್ ಓಡಿಸಿ ಮತ್ತೆ ಬಸಿದು ಅಳೆಯಿರಿ. ಹಾಕಿದ್ದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಬಂದರೆ ಅಲ್ಲಿಗೆ ತೀರ್ಪು ಮುಗಿಯಿತು. ಲೋಟದ ಗೋಡೆಗೆ ಅಂಟಿದ ನಾಲ್ಕು ಹನಿಯನ್ನು ಲೆಕ್ಕ ಹಿಡಿದು ಗಾಬರಿಯಾಗಬೇಡಿ.

ಬಸಿದ ಆಯಿಲನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ನೀರಾಗಿ, ಅಳತೆ ಹಾಕಿದ್ದಕ್ಕಿಂತ ಹೆಚ್ಚೇ ಬಂದರೆ ಸಂಗತಿ ಸ್ವಲ್ಪ ಬೇರೆ. ಸೀಲು ಎರಡೂ ಕಡೆಗೆ ಬಿಡುತ್ತದೆ. ಪಿಸ್ಟನ್ ಕೆಳಗಿಳಿದಾಗಿನ ಒತ್ತಡಕ್ಕೆ ಮಿಶ್ರಣ ಗೇರ್ ಬಾಕ್ಸಿಗೂ ನುಗ್ಗಬಹುದು. ರಾತ್ರಿಯಿಡೀ ಪೆಟ್ರೋಲ್ ಕಾಕ್ ತೆರೆದೇ ಬಿಟ್ಟು, ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆಯುವ ಫ್ಲೋಟ್ ಸೂಜಿಯೂ ಸರಿಯಾಗಿ ಮುಚ್ಚದಿದ್ದರೆ ಟ್ಯಾಂಕಿನ ಪೆಟ್ರೋಲ್ ನಿಧಾನವಾಗಿ ಕ್ರ್ಯಾಂಕ್ ಕೋಣೆಗಿಳಿದು ಅಲ್ಲಿಂದ ಗೇರ್ ಬಾಕ್ಸ್ ಸೇರುವುದೂ ಉಂಟು. ಹೀಗಾದ ಗಾಡಿ ಬೆಳಿಗ್ಗೆ ಹತ್ತಿಪ್ಪತ್ತು ಕಿಕ್ ಕೇಳುತ್ತದೆ, ಹೊತ್ತಿಕೊಂಡ ಕೂಡಲೇ ಮೋಡ ಕವಿದಂತೆ ಹೊಗೆ ಉಗುಳಿ ಐದು ನಿಮಿಷಕ್ಕೆ ತಿಳಿಯಾಗುತ್ತದೆ. ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚುವ ಅಭ್ಯಾಸ ಮಾಡಿಕೊಂಡು ಒಂದು ವಾರ ನೋಡಿ. ತೆಳುವಾದ ಆಯಿಲಿನಲ್ಲಿ ಗೇರ್ ಓಡಿಸಬೇಡಿ, ಕೂಡಲೇ ಬದಲಿಸಿ.

ಎರಡನೆಯದಾಗಿ, ನಿಮ್ಮ 40 ಮಿ.ಲೀ. ಲೆಕ್ಕ. ಲೀಟರಿಗೆ 20 ಎಂದರೆ ಶೇ 2, ಒಂದಕ್ಕೆ ಐವತ್ತು. ಕೈಪಿಡಿ ಅಷ್ಟೇ ಹೇಳಿದ್ದರೆ ಅಷ್ಟೇ ಹಾಕಿ. ಹಳೆಯ ಕೆಲವು ಗಾಡಿಗಳಿಗೆ ಶೇ 5ರವರೆಗೂ ಹೇಳಿದ್ದುಂಟು, ಆದರೆ ಅದು ಅಂದಿನ ಆಯಿಲಿಗೆ. ಹೆಚ್ಚು ಆಯಿಲ್ ಹಾಕಿದರೆ ಎಂಜಿನ್ನಿಗೆ ಕಾವಲು ಎಂದುಕೊಳ್ಳುತ್ತೇವೆ, ಇದರಲ್ಲೊಂದು ತಮಾಷೆಯಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಅದರೊಳಗೆ ಹೋಗುವ ದ್ರವದಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ, ದ್ರವ ದಪ್ಪವಾಗಿ ಹರಿವೂ ತಗ್ಗುತ್ತದೆ. ಅಂದರೆ ಗಾಳಿಗೆ ಸಿಗಬೇಕಾದ ಪೆಟ್ರೋಲೇ ಕಡಿಮೆ. ಎಂಜಿನ್ ಕಾಯುವುದು ತಪ್ಪಲಿ ಎಂದು ಮಾಡಿದ ಕೆಲಸ ಅದನ್ನು ಇನ್ನಷ್ಟು ಕಾಯಿಸಬಹುದು, ಮೇಲಿನಿಂದ ಪ್ಲಗ್ಗಿಗೂ ಸೈಲೆನ್ಸರಿಗೂ ಕರಿ ಬಳಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ, ತಾಜಾ ಪೆಟ್ರೋಲಿಗೆ ಶೇ 2ರಷ್ಟು ಒಳ್ಳೆಯ ಟೂ-ಟಿ ಆಯಿಲ್ ಅಳೆದು ಬೆರೆಸಿ. ಡಬ್ಬಿಯ ಮೇಲೆ ಜಪಾನಿನ ಆಯಿಲ್ ಗುಣಮಟ್ಟದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂಬ ಗುರುತು ನೋಡಿ. ಇವು ಎಫ್‌ಬಿ ದರ್ಜೆಗಿಂತ ಕಡಿಮೆ ಹೊಗೆ ಬಿಡುತ್ತವೆ. ಫೋರ್-ಸ್ಟ್ರೋಕ್ ಎಂಜಿನ್ ಆಯಿಲನ್ನು ಪೆಟ್ರೋಲಿಗೆ ಬೆರೆಸುವವರಿದ್ದಾರೆ, ಅದು ಬೇಡವೇ ಬೇಡ.

ಇನ್ನು ಮಿಸ್ ಹೊಡೆಯುವ ವಿಚಾರ. ಇದು ಹೊಗೆಯಿಂದ ಬೇರೆಯಾದ ಕಾಯಿಲೆಯಲ್ಲ, ಅದರದೇ ಬಾಲ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಆಯಿಲೂ ಕರಿಯೂ ಸೇರಿ ಪದರ ಕಟ್ಟಿದರೆ ಕರೆಂಟಿಗೆ ಸುಲಭದ ಅಡ್ಡದಾರಿ ಸಿಗುತ್ತದೆ, ಕಿಡಿಯಾಗಿ ಹಾರುವ ಬದಲು ಪದರದ ಮೇಲೆ ಹರಿದು ಎಂಜಿನ್ನಿನ ಲೋಹಕ್ಕೆ ಸೇರುತ್ತದೆ. ಐಡ್ಲಿಂಗಿನಲ್ಲಿ ಸಿಲಿಂಡರಿಗೆ ಬರುವ ಮಿಶ್ರಣ ಸ್ವಲ್ಪವೇ, ಒತ್ತಡವೂ ಕಡಿಮೆ. ಬಡ ಕಿಡಿಯೂ ಹೇಗೋ ಹಾರುತ್ತದೆ. ಏರಿನಲ್ಲಿ ಆಕ್ಸಿಲೇಟರ್ ತಿರುವಿದಾಗ ಸಿಲಿಂಡರ್ ತುಂಬಿ ಒತ್ತಡ ಏರುತ್ತದೆ, ಆಗ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅಲ್ಲಿ ಅದು ಸೋಲುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಸ ಪ್ಲಗ್ ಮೂರು ದಿನ ನಡೆಯುವುದೂ ಇದಕ್ಕೇ: ಪದರ ಕಟ್ಟಲು ಅಷ್ಟು ಸಮಯ ಬೇಕು. ಒತ್ತಡವಿಲ್ಲದ ಹೊರಗಾಳಿಯಲ್ಲಿ ಪ್ಲಗ್ ಹಿಡಿದು ‘ಕಿಡಿ ಬರುತ್ತಿದೆಯಲ್ಲ, ಪ್ಲಗ್ ಸರಿಯಿದೆ’ ಎನ್ನುವ ಪರೀಕ್ಷೆ ಈ ಕಾರಣಕ್ಕೇ ಮೋಸ ಮಾಡುತ್ತದೆ.

ಕೆಲವೊಮ್ಮೆ ಪ್ಲಗ್ಗಿನ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಕರಿ ಸೇತುವೆ ಕಟ್ಟಿಬಿಡುತ್ತದೆ. ಟೂ-ಸ್ಟ್ರೋಕ್ ಓಡಿಸಿದವರಿಗೆಲ್ಲ ಇದು ಗೊತ್ತು. ಓಡುತ್ತಿದ್ದ ಗಾಡಿ ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ, ಬಿಚ್ಚಿ ಒರೆಸಿದರೆ ಮತ್ತೆ ಓಡುತ್ತದೆ.

ಪ್ಲಗ್ಗಿನ ಬಣ್ಣ ಓದುವ ಸರಿಯಾದ ಕ್ರಮವೂ ಇದೆ. ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಬಿಚ್ಚಿದರೆ ಯಾವ ಪ್ಲಗ್ ಆದರೂ ಕಪ್ಪೇ. ಖಾಲಿ ರಸ್ತೆಯಲ್ಲಿ ಅರ್ಧ ಆಕ್ಸಿಲೇಟರಿನಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆರಿಸಿ, ಗಾಡಿಯನ್ನು ಬದಿಗೆ ಉರುಳಿಸಿಕೊಂಡು ಹೋಗಿ ಬಿಚ್ಚಿ ನೋಡಿ. ಪಿಂಗಾಣಿ ತಿಳಿಗಂದು ಇದ್ದರೆ ಎಲ್ಲ ಸರಿ. ಒಣ ಮಸಿಯಂಥ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿದೆ, ಚೋಕ್ ಪೂರ್ತಿ ಹಿಂದೆ ಹೋಗುತ್ತಿಲ್ಲ ಅಥವಾ ಫ್ಲೋಟ್ ಉಕ್ಕುತ್ತಿದೆ. ಜಿಡ್ಡು ಜಿಡ್ಡಾದ ಹೊಳೆಯುವ ಕಪ್ಪಾದರೆ ಆಯಿಲ್. ನಿಮ್ಮದು ಇದೇ ಇರಬಹುದು, ಆದರೆ ‘ಒದ್ದೆ’ ಎಂದಷ್ಟೇ ಬರೆದಿದ್ದೀರಿ. ಬೆರಳಿಗೆ ಹಚ್ಚಿ ನೋಡಿ. ಪೆಟ್ರೋಲಾದರೆ ಆರುತ್ತದೆ, ಆಯಿಲ್ ಆರುವುದಿಲ್ಲ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ, ಅದು ಸೀಜಿನ ಮುನ್ಸೂಚನೆ.

ಒದ್ದೆಯಾಗುತ್ತದೆ ಎಂದು ಹೆಚ್ಚು ಬಿಸಿಯಾಗುವ ನಂಬರಿನ ಪ್ಲಗ್ ಹಾಕಿಕೊಳ್ಳಲು ಯಾರಾದರೂ ಹೇಳಬಹುದು. ಆಯಿಲ್ ಬರುವ ದಾರಿ ಮುಚ್ಚದೆ ಇದನ್ನು ಮಾಡಿದರೆ ಕಾಯಿಲೆ ಅಡಗುತ್ತದೆ ಅಷ್ಟೇ. ಸೀಲು ಸರಿಮಾಡಿದ ದಿನ ಅದೇ ಪ್ಲಗ್ ಪಿಸ್ಟನ್ನಿಗೆ ತೂತು ಮಾಡಬಲ್ಲದು. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ಲೆಕ್ಕ ತಿರುಗುಮುರುಗು. ಇದು ಗೊತ್ತಿಲ್ಲದೆ ಒಂದರ ಬದಲು ಇನ್ನೊಂದು ಹಾಕಿ ಕೆಟ್ಟ ಎಂಜಿನ್‌ಗಳನ್ನು ನೋಡಿದ್ದೇನೆ. ಕೈಪಿಡಿ ಹೇಳಿದ ಪ್ಲಗ್ಗನ್ನೇ ಹಾಕಿ. ಪ್ಲಗ್ಗಿನ ಎರಡು ತುದಿಗಳ ಅಂತರ ಬಹುತೇಕ ಇಂಥ ಗಾಡಿಗಳಿಗೆ 0.6 ಮಿ.ಮೀ. ಸುತ್ತಮುತ್ತ ಇರುತ್ತದೆ.

ಆಯಿಲ್ ಒಂದೇ ಕಾರಣ ಎಂದು ಪೂರ್ತಿ ಒಪ್ಪುವ ಮೊದಲು ಕಿಡಿಯ ಕಡೆಯ ಅಗ್ಗದ ಅನುಮಾನಗಳನ್ನು ಒಂದು ಗಂಟೆಯಲ್ಲಿ ತೀರಿಸಿಕೊಳ್ಳಬಹುದು. ಪ್ಲಗ್ ಕ್ಯಾಪ್ ಬಿಚ್ಚಿ, ದಪ್ಪ ವೈರಿನ ಹಸಿರುಗಟ್ಟಿದ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ; ಕ್ಯಾಪ್ ಹಳೆಯದಾದರೆ ಬದಲಿಸಿ. ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್) ಇರುವ ಗಾಡಿಯಾದರೆ ಮ್ಯಾಗ್ನೆಟ್ಟಿನ ಕಿಂಡಿಯಿಂದ ಪಾಯಿಂಟ್ ನೋಡಿ. ಅಲ್ಲಿ ದಪ್ಪ ಕಿಡಿ ಹಾರುತ್ತಿದ್ದರೆ, ಒಂದು ಬದಿ ಗುಳಿ ಬಿದ್ದು ಇನ್ನೊಂದು ಬದಿ ಗುಡ್ಡೆ ಕಟ್ಟಿದ್ದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸತ್ತಿದೆ. ಪಾಯಿಂಟಿನ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಡಬ್ಬಿ ಇರುವ ಗಾಡಿಯಲ್ಲಿ ನೋಡಬೇಕಾದ್ದು ಮ್ಯಾಗ್ನೆಟ್ಟಿನ ಹಿಂದಿನ ಕಾಯಿಲ್ ಪ್ಲೇಟಿನಿಂದ ಹೊರಬರುವ ತೆಳ್ಳನೆಯ ವೈರುಗಳನ್ನು. ವರ್ಷಗಳ ಬಿಸಿಗೆ ಅವುಗಳ ಮೇಲಿನ ಹೊದಿಕೆ ಒಣಗಿ ಹಪ್ಪಳದಂತೆ ಉದುರಿ, ಒಂದಕ್ಕೊಂದು ತಾಗಿ ಕಣ್ಣಾಮುಚ್ಚಾಲೆ ಆಡುತ್ತವೆ. ತಣ್ಣಗಿದ್ದಾಗ ಸರಿ, ಇಪ್ಪತ್ತು ನಿಮಿಷ ಓಡಿದ ಮೇಲೆ ಮಿಸ್ಸಿಂಗ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ ಎಂದಾದರೆ ಅನುಮಾನ ಇವುಗಳ ಮೇಲೆ ಅಥವಾ ಸಿಡಿಐ ಡಬ್ಬಿಯ ಮೇಲೆ. ನಿಮ್ಮ ಗಾಡಿ ತಣ್ಣಗಿದ್ದಾಗಲೂ ಏರಿನಲ್ಲಿ ಮಿಸ್ ಹೊಡೆಯುತ್ತದೆಯೇ ಎಂದು ಗಮನಿಸಿ.

ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಲೋಹ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ. ಕ್ಯಾಪನ್ನು ಸುಮ್ಮನೆ ಗಾಳಿಯಲ್ಲಿ ನೇತುಬಿಟ್ಟು ಕಿಕ್ ಹೊಡೆದರೆ ಸಿಡಿಐ ಕೆಡಬಹುದು. ಪ್ಲಗ್ ತೂತಿನಿಂದ ಪೆಟ್ರೋಲ್ ಮಂಜು ಹೊರಚಿಮ್ಮುತ್ತದೆ, ಕಿಡಿಯನ್ನು ಅದರ ಎದುರಿಗೆ ಹಿಡಿಯಬೇಡಿ. ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಲೇಬೇಡಿ.

ಕಾರ್ಬ್ಯುರೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷ ನಿಂತದ್ದರಿಂದ ಪೂರ್ತಿ ಬಿಚ್ಚಿ ತೊಳೆಯಲೇಬೇಕು. ಜೆಟ್ಟಿಗೆ ತಂತಿ ಹಾಕಬೇಡಿ, ಗಾಳಿ ಊದಿ. ಮಿಕ್ಸ್ಚರ್ ಸ್ಕ್ರೂ ತಿರುಗಿಸುವ ಮುನ್ನ ಅದು ಯಾವ ಬಗೆಯದೆಂದು ತಿಳಿದುಕೊಳ್ಳಿ: ಗಾಳಿಯನ್ನು ಅಳೆಯುವ ಸ್ಕ್ರೂ ಆದರೆ ಹೊರಕ್ಕೆ ಬಿಚ್ಚಿದಷ್ಟೂ ಪೆಟ್ರೋಲ್ ಪಾಲು ಇಳಿಯುತ್ತದೆ, ಮಿಶ್ರಣವನ್ನೇ ಅಳೆಯುವ ಸ್ಕ್ರೂ ಆದರೆ ಏರುತ್ತದೆ.

ಸೈಲೆನ್ಸರ್ ಮಾತ್ರ ಮರೆಯಬೇಡಿ. ಇಷ್ಟು ಹೊಗೆ ಉಗುಳಿದ ಗಾಡಿಯ ಎಕ್ಸಾಸ್ಟ್ ತೂತಿನಲ್ಲಿ ಕರಿ ಗಟ್ಟಿಯಾಗಿ ಕೂತಿರುತ್ತದೆ. ಟೂ-ಸ್ಟ್ರೋಕಿನಲ್ಲಿ ಹಳೆಯ ಹೊಗೆ ಹೊರಹೋಗದಿದ್ದರೆ ಹೊಸ ಮಿಶ್ರಣಕ್ಕೆ ಜಾಗವೇ ಇಲ್ಲ. ಆಗ ಎಂಜಿನ್ ಪ್ರತಿ ಸುತ್ತಿಗೂ ಹೊತ್ತಿಕೊಳ್ಳದೆ ಒಂದು ಬಿಟ್ಟು ಒಂದು ಸುತ್ತಿಗೆ ಹೊತ್ತಿಕೊಳ್ಳುತ್ತದೆ. ಕೇಳಲು ಮಿಸ್ಸಿಂಗ್‌ನಂತೆಯೇ ಇರುತ್ತದೆ, ಕಿಡಿಯ ತಪ್ಪೇನೂ ಇರುವುದಿಲ್ಲ. ಸೈಲೆನ್ಸರ್ ಬಿಚ್ಚಿ, ಪಿಸ್ಟನ್ ಆ ಎಕ್ಸಾಸ್ಟ್ ತೂತನ್ನು ಮುಚ್ಚುವ ಹಾಗೆ ತಿರುಗಿಸಿಟ್ಟುಕೊಂಡು, ಮರದ ಚೂಪು ಕಡ್ಡಿಯಿಂದ ಕರಿ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ.

ಸೈಲೆನ್ಸರ್ ಬಿಚ್ಚಿದಾಗ ಇನ್ನೊಂದು ಲಾಭವಿದೆ. ಆ ತೂತಿನಿಂದಲೇ ಪಿಸ್ಟನ್ನನ್ನೂ ರಿಂಗನ್ನೂ ನೋಡಬಹುದು. ಕಿಕ್ಕರನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ರಿಂಗ್ ತೂತಿನ ಎದುರು ಬಂದಾಗ ಅದೇ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ಪುಟಿದು ಹೊರಬಂದರೆ ರಿಂಗ್ ಜೀವಂತವಾಗಿದೆ. ಅಂಟಿಕೊಂಡಿದ್ದರೆ ಕರಿ ಹಿಡಿದಿದೆ. ರಿಂಗಿನ ಕೆಳಗೆ ಪಿಸ್ಟನ್ ಗೋಡೆಯ ಮೇಲೆ ಕಂದು ಸುಟ್ಟ ಕಲೆಗಳು ಇಳಿದಿದ್ದರೆ, ಉದ್ದುದ್ದ ಗೀರುಗಳಿದ್ದರೆ ಮೆಕ್ಯಾನಿಕ್ ಮಾತಿನಲ್ಲಿ ಸತ್ಯವಿದೆ ಎಂದು ಒಪ್ಪೋಣ. ಕಂಪ್ರೆಷನ್ ಗೇಜ್ ಸಿಕ್ಕರೆ ಆಕ್ಸಿಲೇಟರ್ ಪೂರ್ತಿ ತಿರುವಿಟ್ಟು ಮುಳ್ಳು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಒತ್ತಡ 100 ಪಿಎಸ್‌ಐ ದಾಟಿದರೆ ಈ ಬಗೆಯ ಎಂಜಿನ್ನಿನ ಬೋರಿಗೆ ಕೈ ಹಚ್ಚಲು ಅವಸರವಿಲ್ಲ.

ಗೇರ್ ಆಯಿಲ್ ನಿಜವಾಗಿಯೂ ಕಡಿಮೆಯಾಗುತ್ತಿದೆ ಎಂದು ಖಚಿತವಾದರೆ ಮಾಡಿಸಬೇಕಾದ್ದು ಸೀಲಿನ ಕೆಲಸ. ಹಲವು ಎಂಜಿನ್‌ಗಳಲ್ಲಿ ಮ್ಯಾಗ್ನೆಟ್ ಕಡೆಯ ಸೀಲನ್ನು ಮ್ಯಾಗ್ನೆಟ್, ಕಾಯಿಲ್ ಪ್ಲೇಟ್ ತೆಗೆದು ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಕಡೆಯದಕ್ಕೆ ಕೆಲವು ಗಾಡಿಗಳಲ್ಲಿ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕಾಗುತ್ತದೆ. ಅಷ್ಟು ಬಿಚ್ಚಿದ ಮೇಲೆ ಎರಡೂ ಸೀಲು ಬದಲಿಸಿ. ಮ್ಯಾಗ್ನೆಟ್ ಕಡೆಯ ಸೀಲು ಸೋರಿದರೆ ಹೊಗೆ ಬರುವುದಿಲ್ಲ, ಗಾಳಿ ಬರುತ್ತದೆ: ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ, ಕೊನೆಗೆ ಸೀಜ್. ನಿಮ್ಮಲ್ಲಿ ಆ ಲಕ್ಷಣವಿಲ್ಲ, ಆದರೆ ಎರಡು ವರ್ಷ ಒಣಗಿದ್ದು ಎರಡೂ ಒಟ್ಟಿಗೇ ಅಲ್ಲವೇ.

ಎಂಜಿನ್ ತೆರೆದಾಗ ನೀವು ಹತ್ತಿರವಿದ್ದು ಎರಡು ವಿಷಯ ಕೇಳಿ. ಕ್ರ್ಯಾಂಕ್ ಬೇರಿಂಗಿನಲ್ಲಿ ಆಟ ಇದೆಯೇ? ಇದ್ದರೆ ಶಾಫ್ಟ್ ಓಲಾಡಿ ಹೊಸ ಸೀಲಿನ ತುಟಿಯನ್ನೂ ಬೇಗ ತಿನ್ನುತ್ತದೆ; ಬೇರಿಂಗನ್ನೂ ಬದಲಿಸಿ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ತಾಗುವಂಥ ಗೆರೆ ಬಿದ್ದಿದೆಯೇ? ಬಿದ್ದಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ. ಜೋಡಿಸುವಾಗ ಸೀಲಿನ ತುಟಿಗೆ ಆಯಿಲ್ ಸವರಿರಬೇಕು. ಒಣ ಸೀಲನ್ನು ತಿರುಗಿಸಿದರೆ ಮೊದಲ ಕಿಕ್ಕಿಗೇ ಅದರ ತುಟಿ ಸುಡುತ್ತದೆ. ಪಿಸ್ಟನ್ ಹೇಗೂ ಕೈಗೆ ಬಂದಿರುತ್ತದೆ. ಅಳತೆ ಹಾಕಿ ನೋಡಿ, ಸವೆದಿದ್ದರೆ ಆಗ ಬೋರ್ ಮಾಡಿಸಿ, ನನ್ನ ತಕರಾರಿಲ್ಲ.

ಕೆಲಸ ಮುಗಿದು ಮೊದಲ ದಿನ ಗಾಡಿ ತೆಗೆದಾಗ ಮತ್ತೆ ಹೊಗೆ ಬರುತ್ತದೆ. ‘ಇಷ್ಟೆಲ್ಲ ಮಾಡಿಸಿಯೂ ಹೋಗಲಿಲ್ಲವಲ್ಲ’ ಎಂದು ಅಲ್ಲೇ ಗಾಡಿ ತಿರುಗಿಸಬೇಡಿ. ಆರು ತಿಂಗಳು ಕುಡಿದ ಗೇರ್ ಆಯಿಲ್ ಸೈಲೆನ್ಸರಿನ ಹೊಟ್ಟೆಯಲ್ಲಿ ಇನ್ನೂ ಕೂತಿರುತ್ತದೆ. ಬಿಚ್ಚಿದ್ದಾಗಲೇ ತಲೆಕೆಳಗಾಗಿ ಒಂದು ರಾತ್ರಿ ನಿಲ್ಲಿಸಿ ಬಸಿದಿದ್ದರೆ ಬೇಗ ತೀರುತ್ತದೆ. ಇಲ್ಲದಿದ್ದರೆ ಚೆನ್ನಾಗಿ ಕಾಯುವಂತೆ ನಾಲ್ಕೈದು ದೂರದ ಓಟ ಬೇಕು. ಪ್ರತಿ ಓಟಕ್ಕೂ ಹೊಗೆ ತೆಳುವಾಗುತ್ತಾ ಹೋಗಬೇಕು. 200 ಕಿಲೋಮೀಟರ್ ಆದ ಮೇಲೆ ಅದೇ ಲೋಟ ತೆಗೆದುಕೊಂಡು ಗೇರ್ ಆಯಿಲನ್ನು ಇನ್ನೊಮ್ಮೆ ಬಸಿದು ಅಳೆಯಿರಿ.